ಗ್ಲೌಸಿನ ಸದ್ದು

ಸೆತೊ ಪೆಲಿಕನ್ಸ್ ಬೇಸ್‌ಬಾಲ್ ತಂಡದ ಆಟಗಾರರ ಹೆಸರನ್ನೆಲ್ಲ ಜಪಾನಿನ ಓಕಾಯಾಮಾದ ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಅದರಲ್ಲಿ ಅಕುತ್ಸುವಿನ ಹೆಸರು ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಅವನು ಬುಲ್‌ಪೆನ್ ಕ್ಯಾಚರ್. ಅಂಗಳದ ಬಲಗಡೆ ಗೋಡೆಯ ಹಿಂದೆ, ತಗಡಿನ ಚಾವಣಿಯ ಕೆಳಗೆ, ಮುಂದಿನ ಸರದಿಯ ಪಿಚರ್‌ಗಳು ತೋಳು ಬಿಸಿ ಮಾಡಿಕೊಳ್ಳುವ ಜಾಗವೇ ಬುಲ್‌ಪೆನ್. ಅಲ್ಲಿ ಕುಕ್ಕರಗಾಲಲ್ಲಿ ಕೂತು ಅವರೆಸೆದ ಚೆಂಡು ಹಿಡಿಯುವುದು ಅವನ ಕೆಲಸ. ತೋಳು ಬಿಸಿಯಾದವನು ಗೇಟು ದಾಟಿ ಅಂಗಳಕ್ಕೆ ಹೋಗುತ್ತಾನೆ, ಜನ ಹುಚ್ಚೆದ್ದು ಕೂಗುತ್ತಾರೆ. ಅಕುತ್ಸು ಒಳಗೇ ಉಳಿದು ನೀರು ಕುಡಿಯುತ್ತಾನೆ.

ಇದರಿಂದ ಅವನಿಗೆ ಬೇಸರವಿತ್ತೆಂದು ತಿಳಿದರೆ ಅವನನ್ನು ತಿಳಿದಂತಲ್ಲ. ನಲವತ್ತೈದಕ್ಕೇ ಮಂಡಿಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದರೂ ಪ್ರತಿದಿನ ಬುಲ್‌ಪೆನ್ನಿಗೆ ಕಾಲಿಡುವಾಗ ಟೋಪಿ ತೆಗೆದು ಬಾಗುತ್ತಿದ್ದ, ಹೊರಡುವಾಗಲೂ ಬಾಗುತ್ತಿದ್ದ. ಬರೀ ಮಣ್ಣಿಗೆ, ತಗಡಿಗೆ.

"ಬೇಸ್‌ಬಾಲ್ ನನ್ನನ್ನ ಹೊರಗೆ ಹಾಕಿದ ಮೇಲೂ ಅದೇ ನನಗೆ ಅನ್ನ ಹಾಕ್ತಿದೆ ನೋಡು," ಎಂದು ಹೆಂಡತಿ ಕಿಯೊಮಿಯ ಹತ್ತಿರ ಹೇಳುತ್ತಿದ್ದ.

"ಅನ್ನ ಹಾಕ್ತಿರೋಳು ನಾನು. ಬೇಸ್‌ಬಾಲ್ ಬರೀ ಅಕ್ಕಿ ತರುತ್ತೆ," ಎನ್ನುತ್ತಿದ್ದಳು ಕಿಯೊಮಿ, ಬುತ್ತಿಗೆ ಅನ್ನದ ಉಂಡೆ ಕಟ್ಟುತ್ತ.

ಆ ಅಕ್ಕಿ ಬರುವಂತೆ ಮಾಡಿದವನು ಸೋನೆಹಾರ. ಅಕುತ್ಸು ಹರೆಯದಲ್ಲಿ ಇದೇ ತಂಡದ ಆಟಗಾರನಾಗಿದ್ದ. ಬ್ಯಾಟು ಹಿಡಿದರೆ ಗಾಳಿಗೆ ಮಾತ್ರ ಹೊಡೆಯುತ್ತಿದ್ದ, ಹಾಗಾಗಿ ಇಪ್ಪತ್ತನಾಲ್ಕಕ್ಕೇ ತಂಡದಿಂದ ಹೊರಬಿದ್ದ. ಊರಿಗೆ ಹೋಗಿ ಮಾವನ ಸಿಂಪಿ ಸಾಕಣೆಯಲ್ಲಿ ಕೈ ಕುಯ್ದುಕೊಳ್ಳುವುದೊಂದೇ ಬಾಕಿ. ಆಗ ಅದೇ ವರ್ಷ ಶಾಲೆ ಮುಗಿಸಿ ಬಂದಿದ್ದ ಹೊಸ ಪಿಚರ್ ಒಬ್ಬ, ಯಾರನ್ನೂ ಕೇಳದೆ ಕಚೇರಿಗೆ ನುಗ್ಗಿ, "ಅಕುತ್ಸು ಸಾನ್ ಹಿಡಿದ್ರೆ ನನ್ನ ಚೆಂಡು ಒಳ್ಳೇ ಸದ್ದು ಮಾಡುತ್ತೆ. ಅವರನ್ನ ಕಳಿಸಬೇಡಿ," ಅಂದನಂತೆ. ಮೀಸೆ ಚಿಗುರದವನ ಮಾತು ಯಾರು ಕೇಳಬೇಕು? ಆದರೂ ಕೇಳಿದರು. ಆ ಅನ್ನದ ಋಣವನ್ನು ಅಕುತ್ಸು ಒಂದು ದಿನವೂ ಮರೆತಿರಲಿಲ್ಲ.

ಸದ್ದು ಅಂದರೆ ಸುಮ್ಮನೆ ಅಲ್ಲ. ಪಿಚರ್ ಕಿವಿಯಿಂದ ಬದುಕುವ ಪ್ರಾಣಿ. ತನ್ನ ಚೆಂಡು ದಪ್ಪ ಚರ್ಮದ ಗ್ಲೌಸಿಗೆ ಬಿದ್ದಾಗ ಪಟಾರ್ ಎಂದರೆ ಅವನ ಎದೆ ಉಬ್ಬುತ್ತದೆ, ಮುಂದಿನ ಚೆಂಡು ಇನ್ನಷ್ಟು ಬಿರುಸಾಗುತ್ತದೆ. ಬೊಪ್ ಎಂದರೆ ಮುಖ ಸಣ್ಣದಾಗುತ್ತದೆ. ಚೆಂಡು ತಾಗುವ ಕ್ಷಣಕ್ಕೆ ಗ್ಲೌಸನ್ನು ಕೂದಲೆಳೆಯಷ್ಟು ಮುಂದೆ ದೂಡಿ, ಹೆಬ್ಬೆರಳ ಬುಡದ ಗುಳಿಗೇ ಬೀಳಿಸಿಕೊಂಡರೆ ಸಾಧಾರಣ ಚೆಂಡೂ ಗುಡುಗುತ್ತದೆ. ಒಳ್ಳೆಯ ಬುಲ್‌ಪೆನ್ ಕ್ಯಾಚರ್‌ಗೆ ಅದು ಕರಗತ. ಜೊತೆಗೆ "ನೈಸ್ ಬಾಲ್!" ಎಂದು ಗಂಟಲು ಹರಿಯುವಂತೆ ಕೂಗಬೇಕು. ಇದನ್ನು ಯಾರೂ ಸುಳ್ಳು ಎಂದುಕೊಳ್ಳುವುದಿಲ್ಲ. ಮದುಮಗಳನ್ನು ಕಂಡು ಚೆಂದ ಎನ್ನುವುದು ಸುಳ್ಳೇ?

ಸೋನೆಹಾರನಿಗೆ ಈಗ ಮೂವತ್ತೊಂಬತ್ತು. ಆಟದ ಕೊನೆಕೊನೆಗೆ, ತಂಡ ಒಂದೆರಡು ರನ್ನು ಮುಂದಿರುವಾಗ, ಅದನ್ನು ಕಾಯಲು ಇಳಿಯುವ ಪಿಚರ್ ಅವನು. ಆ ವಸಂತದಲ್ಲಿ ಪೆಲಿಕನ್ಸ್ ಎಂದೂ ಇಲ್ಲದ ಹಾಗೆ ಗೆಲ್ಲತೊಡಗಿತ್ತು. ಕೊನೆಯ ಸ್ಥಾನ ತಮ್ಮ ಆಸ್ತಿ ಎಂದುಕೊಂಡಿದ್ದ ಊರಿನ ಜನ ಮೂರನೆಯ ಸ್ಥಾನ ನೋಡಿ ಕಣ್ಣುಜ್ಜಿಕೊಂಡರು. ಮೂರನೆಯವರಾಗಿ ಉಳಿದರೆ ಅಕ್ಟೋಬರಿನ ದೊಡ್ಡ ಆಟಗಳಿಗೆ ದಾರಿ.

ಮೇ ತಿಂಗಳ ಒಂದು ಮಧ್ಯಾಹ್ನ ಸೋನೆಹಾರನ ಚೆಂಡು ಹಿಡಿದಾಗ ಅಕುತ್ಸುವಿಗೆ ಗೊತ್ತಾಗಿಹೋಯಿತು. ಚೆಂಡು ಬಂತು, ಆದರೆ ಅದರಲ್ಲಿ ಜೀವವಿರಲಿಲ್ಲ. ಕೊನೆಯ ಮಾರಿನಲ್ಲಿ ಏಳಬೇಕಾದ್ದು ಕುಸಿಯಿತು. ಅಕುತ್ಸುವಿನ ಕೈ ತಾನಾಗಿ ಮುಂದೆ ಹೋಯಿತು. ಪಟಾರ್.

"ನೈಸ್ ಬಾಲ್, ಸೋನೆ!"

"ಹೌದಾ? ಸದ್ದೇನೋ ಚೆನ್ನಾಗಿದೆ," ಎಂದು ಸೋನೆಹಾರ ನಕ್ಕ.

ಅಂದಿನಿಂದ ಅಕುತ್ಸುವಿಗೆ ಎರಡು ಕೆಲಸವಾಯಿತು, ಚೆಂಡು ಹಿಡಿಯುವುದು ಮತ್ತು ಅದು ಸತ್ತಿದ್ದನ್ನು ಮುಚ್ಚುವುದು. ಬುಲ್‌ಪೆನ್ನಿನ ಗೋಡೆಯಲ್ಲೊಂದು ಫೋನಿತ್ತು. ಪಿಚರ್‌ನನ್ನು ಇಳಿಸುವ ಮೊದಲು ಆಚೆ ಬದಿಯ ಬೆಂಚಿನಿಂದ ಕೋಚ್ ತೊಕುಮಾರು ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದ: "ಸೋನೆ ಹೇಗಿದ್ದಾನೆ?" ಉತ್ತರ ಕೊಡಬೇಕಾದವನು ಚೆಂಡು ಹಿಡಿದವನು. ಅವನ ಮಾತಿನ ಮೇಲೆ ಪಿಚರ್ ಹೋಗುತ್ತಾನೆ ಅಥವಾ ಕೂರುತ್ತಾನೆ.

"ಚೆನ್ನಾಗಿದ್ದಾನೆ," ಎನ್ನುತ್ತಿದ್ದ ಅಕುತ್ಸು.

ಜೂನಿನ ಮಳೆಗಾಲದಲ್ಲಿ ಸೋನೆಹಾರ ಅನುಭವದ ಮೇಲೆ, ಮುಖದ ಗತ್ತಿನ ಮೇಲೆ ಹೇಗೋ ದಾಟಿದ. ಸೆಕೆ ಬಂದಾಗ ಗತ್ತು ಸಾಲಲಿಲ್ಲ. ಗೆದ್ದೇ ಗೆದ್ದೆವು ಎನ್ನುವ ಎರಡು ಆಟ ಅವನ ಕೈಯಿಂದ ಜಾರಿದವು. ಎರಡನೆಯ ಸಲ ಜನ ಬಾಯಿಗೆ ಬಂದಂತೆ ಬೈದರು. ಬಸ್ಸಿನಲ್ಲಿ ತೊಕುಮಾರು ಅಕುತ್ಸುವಿನ ಪಕ್ಕ ಬಂದು ಕೂತ.

"ನನ್ನ ಕಣ್ಣಿಗೆ ಬೆಂಚಿನಿಂದ ಅಷ್ಟು ದೂರ ಕಾಣಲ್ಲ ಮಾರಾಯ. ನಿನ್ನ ಕೈನೇ ನನ್ನ ಕಣ್ಣು. ಸರಿಯಾಗಿ ನೋಡಿ ಹೇಳ್ತಿದ್ದೀಯ ತಾನೇ?"

"ಹೇಳ್ತಿದ್ದೀನಿ, ಕೋಚ್."

ಮನೆಯಲ್ಲಿ ಅವನಿಗೆ ತುತ್ತು ಇಳಿಯಲಿಲ್ಲ. ಕಿಯೊಮಿ ಮೀನಿನ ತಟ್ಟೆ ಹತ್ತಿರ ಸರಿಸಿದಳು. ಎಲ್ಲ ಹೇಳಿದ. ಮೂವತ್ತೊಂಬತ್ತರವನನ್ನು ಒಮ್ಮೆ ಎರಡನೆಯ ತಂಡಕ್ಕೆ ಇಳಿಸಿದರೆ ಮತ್ತೆ ಹತ್ತಿಸುವುದಿಲ್ಲ, ನನ್ನ ಒಂದು ಮಾತಿಗೆ ಅವನ ಆಟವೇ ಮುಗಿಯುತ್ತದೆ, ನನ್ನನ್ನು ಉಳಿಸಿದವನನ್ನು ನಾನೇ ಮುಳುಗಿಸುವುದೇ ಎಂದ.

"ಅವನು ನಿಮ್ಮನ್ನ ಯಾಕೆ ಉಳಿಸ್ಕೊಂಡ? ಸುಳ್ಳು ಹೇಳ್ತೀರಿ ಅಂತಲಾ?"

"ಸದ್ದು ಚೆನ್ನಾಗಿ ಬರಿಸ್ತೀನಿ ಅಂತ."

"ಸರಿ ಹಾಗಾದ್ರೆ, ಬರಿಸ್ತಾ ಇರಿ. ಅವನು ಅಲ್ಲಿ ಹೋಗಿ ಜನರ ಕೈಲಿ ಬೈಸ್ಕೊಳ್ಲಿ. ನೀವು ಇಲ್ಲಿ ಕೂತು ಊಟ ಬಿಡಿ. ಒಳ್ಳೇ ಋಣ ತೀರಿಸೋ ದಾರಿ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಅಕುತ್ಸುವಿಗೆ ಕೋಪ ಬಂತು. ಅವಳ ಮಾತು ಸರಿ ಇತ್ತು, ಅದಕ್ಕೇ ಬಂತು.

ಆಗಸ್ಟಿನ ಕೊನೆಯ ಒಂದು ಭಾನುವಾರ, ಸುಡು ಬಿಸಿಲು. ನಾಲ್ಕನೆಯ ಸ್ಥಾನದ ತಂಡ ಬೆನ್ನಿಗೇ ಬಿದ್ದಿತ್ತು, ಅವರ ಜೊತೆಗೇ ಆಟ. ಒಂದೇ ರನ್ನಿನ ಮುನ್ನಡೆ. ಸೋನೆಹಾರ ಎಸೆಯುತ್ತಿದ್ದ, ಅಕುತ್ಸುವಿನ ಗ್ಲೌಸು ಗುಡುಗುತ್ತಿತ್ತು. ಎಸೆದಾದ ಮೇಲೆ ಸೋನೆಹಾರ ಯಾರಿಗೂ ಕಾಣದ ಹಾಗೆ ಬೆನ್ನು ತಿರುಗಿಸಿ ಭುಜ ಒತ್ತಿಕೊಂಡಿದ್ದು ಅಕುತ್ಸುವಿಗೆ ಕಂಡಿತು. ಫೋನು ಬಡಿದುಕೊಂಡಿತು.

"ಸೋನೆ ಹೇಗಿದ್ದಾನೆ?"

ಫೋನಿಗೂ ಸೋನೆಹಾರನಿಗೂ ನಡುವೆ ಒಂದು ಬೆಂಚು ಮಾತ್ರ. ಪಿಸುಗುಟ್ಟಿದರೂ ಕೇಳುತ್ತದೆ.

"ಇವತ್ತು ಬೇಡ, ಕೋಚ್. ಇನ್ನು ಮೇಲೂ... ಬೇಡ. ಚೆಂಡಲ್ಲಿ ಜೀವ ಇಲ್ಲ. ಮೊದಲೇ ಹೇಳಬೇಕಿತ್ತು."

ಆ ಕಡೆಯಿಂದ ಕೋಚ್ ಅಂದ, "ಹುಡುಗ ಹಿರಾಯಿಯನ್ನ ಕಳಿಸು."

ಸೋನೆಹಾರ ಚೆಂಡನ್ನು ಬುಟ್ಟಿಗೆ ಹಾಕಿದ. ಅಂಥ ಸೆಕೆಯಲ್ಲೂ ಜಾಕೆಟ್ಟು ಹಾಕಿಕೊಂಡು ಜಿಪ್ಪನ್ನು ಕುತ್ತಿಗೆವರೆಗೆ ಎಳೆದು ಕೂತ. ಅಕುತ್ಸುವಿನ ಕಡೆ ನೋಡಲಿಲ್ಲ. ಹಿರಾಯಿ ಮೂವರನ್ನು ಸಾಲಾಗಿ ಔಟು ಮಾಡಿದ, ಪೆಲಿಕನ್ಸ್ ಗೆದ್ದಿತು. ಕ್ರೀಡಾಂಗಣ ಕುಣಿಯುವಾಗ ಅಕುತ್ಸು ಒಬ್ಬನೇ ಬುಲ್‌ಪೆನ್ನಿನ ಮಣ್ಣು ಗುಡಿಸುತ್ತಿದ್ದ. ಬಾಗಿ ವಂದಿಸುವುದಕ್ಕೂ ಅಂದು ಮನಸ್ಸಾಗಲಿಲ್ಲ.

ಮರುದಿನ ಸೋನೆಹಾರನನ್ನು ಎರಡನೆಯ ತಂಡಕ್ಕೆ ಇಳಿಸಿದರು. ಅಕುತ್ಸು ಫೋನು ಮಾಡಲು ಎಷ್ಟೋ ಸಲ ಕೈಗೆತ್ತಿಕೊಂಡ, ಏನು ಹೇಳುವುದೆಂದು ಗೊತ್ತಾಗದೆ ಇಟ್ಟ. ಆ ಕಡೆಯಿಂದಲೂ ಸುದ್ದಿಯಿಲ್ಲ. ಸೆಪ್ಟೆಂಬರಿನಲ್ಲಿ ಪೇಪರಿನಲ್ಲಿ ಬಂತು, ಸೋನೆಹಾರ ವಿದಾಯ ಹೇಳಲಿದ್ದಾನೆ ಎಂದು. ಪೆಲಿಕನ್ಸ್ ಮೂರನೆಯ ಸ್ಥಾನ ಗಟ್ಟಿ ಮಾಡಿಕೊಂಡಿತು. ಊರಿನ ಮಿಠಾಯಿ ಅಂಗಡಿಯವರು ಸೋಯಾ ಬೆಲ್ಲದ ಉಂಡೆ ಪುಕ್ಕಟೆ ಹಂಚಿದರು. ಅಕುತ್ಸು ತನ್ನ ಪಾಲಿನದನ್ನು ಪಕ್ಕದ ಮನೆ ಮಕ್ಕಳಿಗೆ ಕೊಟ್ಟ.

ತವರಿನಂಗಳದ ಕೊನೆಯ ಆಟ ಮಧ್ಯಾಹ್ನದ್ದು. ವಿದಾಯ ಹೇಳುವ ಪಿಚರ್ ಒಬ್ಬನೇ ಬ್ಯಾಟರ್‌ಗೆ ಎಸೆದು ಮರಳುವುದು ವಾಡಿಕೆ. ಎದುರಾಳಿಯೂ ಮರ್ಯಾದೆಗೆ ಮೈಯೆಲ್ಲ ತಿರುಗಿಸಿ, ಬೇಕೆಂದೇ ಚೆಂಡು ತಪ್ಪಿಸಿ ಬೀಸಿ ಔಟಾಗುತ್ತಾನೆ. ಬೀಸದೆ ನಿಂತವನನ್ನು ಸ್ವಂತ ತಂಡದವರೇ ಮಾತಾಡಿಸುವುದಿಲ್ಲ. ಸೋನೆಹಾರ ಬುಲ್‌ಪೆನ್ನಿಗೆ ಬಂದ. ಬಾಗಿಲಲ್ಲಿ ಟೋಪಿ ತೆಗೆದು ಬಾಗಿದ. ಅಕುತ್ಸು ಗ್ಲೌಸು ಹಾಕಿಕೊಂಡು ಕುಕ್ಕರಿಸಿದ.

ಸೋನೆಹಾರ ಚೆಂಡು ಹಿಡಿದು ನಿಂತ. "ಅಕುತ್ಸು ಸಾನ್, ಇವತ್ತು ಸದ್ದು ಮಾಡಬೇಡಿ."

"ಅಂದ್ರೆ?"

"ಗ್ಲೌಸು ಅಲ್ಲೇ ಇಟ್ಕೊಳ್ಳಿ. ದೂಡಬೇಡಿ. ನನ್ನ ಚೆಂಡು ಹೇಗಿದೆಯೋ ಹಾಗೇ ಒಂದ್ಸಲ ಕೇಳ್ಬೇಕು."

ಸೋನೆಹಾರ ಎಸೆದ. ಅಕುತ್ಸು ಗ್ಲೌಸನ್ನು ಕದಲಿಸಲಿಲ್ಲ. ಚೆಂಡು ಬಿತ್ತು. ಬೊಪ್. ಹಸಿ ಹಿಟ್ಟಿನ ಮುದ್ದೆ ಮಣೆಗೆ ಬಿದ್ದ ಹಾಗೆ.

ಸೋನೆಹಾರ ಬಗ್ಗಿ ಮಂಡಿ ಹಿಡಿದುಕೊಂಡು ಹೊಟ್ಟೆ ತುಂಬ ನಕ್ಕ. "ಅಯ್ಯೋ ದೇವ್ರೆ! ಇಷ್ಟೊಂದು ಕೆಟ್ಟುಹೋಗಿತ್ತಾ? ಇದನ್ನ ಗುಡುಗಿಸ್ತಿದ್ರಲ್ಲ, ನೀವು ಮನುಷ್ಯರಾ ಮಾಟಗಾರರಾ?"

"ಕ್ಷಮಿಸು, ಸೋನೆ. ಫೋನಲ್ಲಿ ಅವತ್ತು..."

"ನನಗೆ ಮೇ ತಿಂಗಳಿಂದ ಗೊತ್ತಿತ್ತು. ಕಿವಿ ಒಂದು ಹೇಳ್ತಿತ್ತು, ಭುಜ ಒಂದು ಹೇಳ್ತಿತ್ತು. ನಾನು ಕಿವೀನೇ ನಂಬ್ದೆ, ಹೇಡಿ. ನೀವು ಕೊಟ್ಟ ಬೇಸಿಗೆ ಅದು. ನನ್ನ ಮಗಳು ಈ ವರ್ಷ ಮೊದಲ್ನೇ ಸಲ ಅಂಗಳಕ್ಕೆ ಬಂದು ನಾನಾಡೋದು ನೋಡಿದ್ಲು, ಗೊತ್ತಾ?" ಅವನ ನಗು ನಿಂತಿತು. "ಅವತ್ತು ಫೋನಲ್ಲಿ ಹೇಳಿದ್ರಲ್ಲ, ಕೋಪ ಬಂತು. ಸುಳ್ಳು ಹೇಳಲ್ಲ ನಾನು, ತುಂಬಾ ಕೋಪ ಬಂತು. ಆಮೇಲೆ ಎರಡನೇ ತಂಡದ ಹಾಸ್ಟೆಲಲ್ಲಿ ಮಲ್ಕೊಂಡು ಯೋಚ್ನೆ ಮಾಡ್ದೆ. ನೀವು ಅವತ್ತೂ ಸುಳ್ಳೇ ಹೇಳಿದ್ದಿದ್ರೆ, ಹಿಂದಿನ ಇಪ್ಪತ್ತು ವರ್ಷದ ಸದ್ದೂ ಸುಳ್ಳೇ ಇರಬೇಕು ಅನ್ಸೋದು. ನೀವು ಕೆಟ್ಟದ್ದನ್ನ ಕೆಟ್ಟದ್ದು ಅಂದ್ರಿ. ಹಾಗಾಗಿ ಒಳ್ಳೇದು ನಿಜವಾಗ್ಲೂ ಒಳ್ಳೇದಿತ್ತು. ಅಲ್ವಾ?"

"ಒಳ್ಳೇದಿತ್ತು," ಅಂದ ಅಕುತ್ಸು. "ಎಷ್ಟೋ ದಿನ ನಾನು ಗ್ಲೌಸು ದೂಡ್ತಾನೇ ಇರಲಿಲ್ಲ, ಸೋನೆ. ಅದು ತಾನಾಗೇ ಗುಡುಗ್ತಿತ್ತು. ರಾತ್ರಿ ಅನ್ನದ ಬಟ್ಟಲು ಹಿಡಿಯೋಕೆ ಆಗದ ಹಾಗೆ ಕೈ ಉರೀತಿತ್ತು. ಕಿಯೊಮೀನ ಕೇಳು ಬೇಕಾದ್ರೆ."

ಸೋನೆಹಾರ ತಲೆಯಾಡಿಸಿದ, ಮುಖವನ್ನು ತೋಳಿನಿಂದ ಒರೆಸಿಕೊಂಡ. ಮತ್ತೆ ಎಸೆದ. ಬೊಪ್. ಮತ್ತೊಂದು. ಬೊಪ್. ಇಬ್ಬರೂ ಆ ಕೆಟ್ಟ ಸದ್ದಿಗೆ ಹುಡುಗರ ಹಾಗೆ ನಗತೊಡಗಿದರು. ಬೆಂಚಿನಲ್ಲಿ ಕೂತಿದ್ದ ಹಿರಾಯಿಗೆ ಇವರಿಗೇನಾಯಿತೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಂದು ಅದರ ಅಗತ್ಯವೇ ಇರಲಿಲ್ಲ. ಸೋನೆಹಾರ ಯಾವಾಗ ಇಳಿಯಬೇಕೆಂದು ಬೆಳಿಗ್ಗೆಯೇ ತೀರ್ಮಾನವಾಗಿತ್ತು. ಅಕುತ್ಸು ಮಂಡಿ ಹಿಡಿದುಕೊಂಡು ಎದ್ದು ಹೋಗಿ ಎತ್ತಿಕೊಂಡ.

ತೊಕುಮಾರು ಗಂಟಲು ಸರಿಮಾಡಿಕೊಂಡ. "ಸೋನೆ ಹೇಗಿದ್ದಾನೆ?"

ಅಕುತ್ಸು ತಿರುಗಿ ನೋಡಿದ. ಸೋನೆಹಾರ ಗೇಟಿನ ಬಳಿ ನಿಂತು, ಟೋಪಿ ಸರಿಮಾಡಿಕೊಳ್ಳುತ್ತ, ಉತ್ತರಕ್ಕೆ ಕಾಯುತ್ತಿದ್ದ.

"ಚೆಂಡು ಸತ್ತಿದೆ, ಕೋಚ್," ಅಂದ ಅಕುತ್ಸು. "ಸೋನೆ ಚೆನ್ನಾಗಿದ್ದಾನೆ. ಕಳಿಸ್ತಿದ್ದೀನಿ."