ಟವೆಲಿನ ಕೆಳಗಿನ ದರ

ಎರ್ರಣ್ಣನ ಹೆಗಲ ಮೇಲಿನ ಟವೆಲು ಒಗೆಯಬೇಕಾದರೂ ಅವನ ಹೆಂಡತಿ ಪಾರಮ್ಮ ಗೋಗರೆಯಬೇಕಿತ್ತು. ಅದೇ ಅವನ ಅಂಗಡಿ, ಅದೇ ಅವನ ತಿಜೋರಿ. ಸಿರುಗುಪ್ಪದ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿದ್ದಾಗ ಆ ಟವೆಲನ್ನು ಕೈಮೇಲೆ ಹೊದಿಸಿ, ಒಳಗೆ ಮಾರುವವನ ಬೆರಳು ಹಿಡಿದು, ಆಮೇಲೆ ಕೊಳ್ಳುವವನ ಬೆರಳು ಹಿಡಿದು ದರ ಕುದುರಿಸುತ್ತಿದ್ದ. ಬೆರಳೊಂದಕ್ಕೆ ಇಷ್ಟೆಂದು ಲೆಕ್ಕ. ಸುತ್ತ ನಿಂತವರು ಎಷ್ಟು ಕಣ್ಣು ಬಿಟ್ಟರೂ ಕಾಣುವುದು ಟವೆಲಿನ ಅಲುಗಾಟ ಮಾತ್ರ. ಕೊನೆಗೆ ಇಬ್ಬರ ಕೈಯನ್ನೂ ಅದರಡಿ ಕೂಡಿಸಿದನೆಂದರೆ ವ್ಯಾಪಾರ ಮುಗಿಯಿತು. ಆಮೇಲೆ ಮಾತು ಬದಲಿಸಿದವನಿಗೆ ಆ ಸಂತೆಯಲ್ಲಿ ಕುಡಿಯಲು ನೀರೂ ಹುಟ್ಟುತ್ತಿರಲಿಲ್ಲ.

ಕಾಲುವೆ ನೀರು ಬಂತು, ಭತ್ತ ಬಂತು, ಭತ್ತದ ಹಿಂದೆ ರೊಕ್ಕ ಬಂತು. ರೊಕ್ಕ ಕಂಡವರಿಗೆಲ್ಲ ಬಳ್ಳಾರಿಯಲ್ಲಿ ಒಂದು ಮನೆ ಬೇಕೆನಿಸಿತು. ಎರ್ರಣ್ಣನೇನು ದಡ್ಡನೇ? ಕೌಲ್ ಬಜಾರಿಗೆ ಬಂದು ಮನೆಗಳ ದಲ್ಲಾಳಿಯಾದ. ಎತ್ತು ಬಿಟ್ಟ, ಟವೆಲು ಬಿಡಲಿಲ್ಲ. ಎಪ್ಪತ್ತೆಂಟನೇ ಇಸವಿಯ ಹೊತ್ತಿಗೆ ಊರಲ್ಲಿ ಮನೆಗೆ ಎಂಥ ಬರಗಾಲವೆಂದರೆ, ಯಾರಿಗಾದರೂ ವರ್ಗವಾಯಿತು ಅಂದರೆ ಆರ್ಡರು ಅವನ ಕೈಸೇರುವ ಮೊದಲೇ ಎರಡು ಸಂಸಾರ ಬಂದು ಅವನ ಅಡುಗೆಮನೆ ನೋಡಿಕೊಂಡು ಹೋಗುತ್ತಿದ್ದವು. ಎರ್ರಣ್ಣ ಚಹಾದಂಗಡಿಯ ಬೆಂಚಿನ ಮೇಲೆ ಕೂತು, “ಬಳ್ಳಾರಿಯಾಗ ಬಂಗಾರದ ದರ ಬಿದ್ದೀತು, ಜಾಗದ ದರ ಬೀಳೂದಿಲ್ಲ ನೋಡ್ರಪಾ” ಎಂದು ದಿನಾ ಸಾರುತ್ತಿದ್ದ.

ಅಂಥ ಹೊತ್ತಿನಲ್ಲಿ ಅವನ ಬೆನ್ನು ಬಿದ್ದವಳು ಮಾರೆಮ್ಮ. ಸರಕಾರಿ ಆಸ್ಪತ್ರೆಯಲ್ಲಿ ನರ್ಸು, ಕುರುಗೋಡಿನವಳು. ಬಾಡಿಗೆಗೆ ಹೋದ ಕಡೆಯೆಲ್ಲ ಮೊದಲು ‘ಬರ್ರಿ ನರ್ಸಮ್ಮ’ ಎನ್ನುವರು, ಆಮೇಲೆ ಆಕೆ ಹರಿಜನ ಕೇರಿಯವಳೆಂದು ತಿಳಿದ ಕೂಡಲೇ ಮಾಲೀಕನ ತಮ್ಮನಿಗೋ ಅಳಿಯನಿಗೋ ಅದೇ ಮನೆ ಬೇಕಾಗಿಬಿಡುತ್ತಿತ್ತು. ಈಗಿನ ಮಾಲೀಕನೂ ಯುಗಾದಿಗೆ ಖಾಲಿ ಮಾಡು ಎಂದಿದ್ದ. ಊರಲ್ಲಿ ತಾಯಿ ಹುಲುಗಮ್ಮನಿಗೆ ಕಣ್ಣು ಮಂಜಾಗಿ, ಒಲೆಯ ಮುಂದೆ ಎರಡು ಸಲ ಸೀರೆ ಸುಟ್ಟುಕೊಂಡಿದ್ದಳು. ಆಕೆಯನ್ನು ಕರೆತರಬೇಕು, ಕರೆತಂದರೆ ಯಾರೂ ಎಬ್ಬಿಸದ ಜಾಗದಲ್ಲಿ ಕೂರಿಸಬೇಕು. ಮಾರೆಮ್ಮನಿಗೆ ಬೇಕಾಗಿದ್ದುದು ಅಷ್ಟೇ, ಸ್ವಂತದ್ದೊಂದು ಸೂರು.

ಎರ್ರಣ್ಣ ಬಹಳ ಹುಡುಕಿ ಒಂದು ಮನೆ ಹಿಡಿದ. ಗಾದಿಲಿಂಗಪ್ಪ ಎಂಬವರ ಮಾಳಿಗೆ ಮನೆ, ಎರಡು ಅಂಕಣ, ಹಿತ್ತಲಲ್ಲಿ ಬೇವಿನಮರ. ಗಾದಿಲಿಂಗಪ್ಪ ಅದನ್ನು ಮಾರಿ, ಸಿರಿಗೇರಿಗೆ ಹೋಗಿ ತಮ್ಮ ಗದ್ದೆ ನೋಡಿಕೊಳ್ಳುವವರಿದ್ದರು.

“ನೋಡು ನರ್ಸಮ್ಮ, ದರ ಎಲ್ಲಾ ನಾ ಮುಗಿಸೀನಿ. ನೀ ಬಂದು ಟವೆಲಿನ ಕೆಳಗ ಕೈ ಇಡು, ಸಾಕು. ಊರು, ಕೇರಿ ಏನೂ ಬಾಯಿ ಬಿಡಬ್ಯಾಡ. ಕೈ ಕೂಡಿದ ಮ್ಯಾಲೆ ಆತ ಹಿಂದ ಸರಿಯಾಂಗಿಲ್ಲ” ಎಂದು ಎರ್ರಣ್ಣ ದಾರಿಯುದ್ದಕ್ಕೂ ಪಾಠ ಹೇಳಿದ.

ಗಾದಿಲಿಂಗಪ್ಪನವರ ಕಟ್ಟೆಯ ಮುಂದೆ ನಾಲ್ಕಾರು ಜನ ಸೇರಿದ್ದರು. ಎರ್ರಣ್ಣ ಟವೆಲು ಹೊದಿಸಿ ಗಾದಿಲಿಂಗಪ್ಪನವರ ಬೆರಳು ಹಿಡಿದು ಇನ್ನೊಮ್ಮೆ ದರ ಗಟ್ಟಿಮಾಡಿಕೊಂಡ. “ಬಾರವ್ವ, ಕೈ ಇಡು” ಎಂದ.

ಮಾರೆಮ್ಮ ಮುಂದೆ ಬಂದಳು, ಆದರೆ ಕೈ ಇಡಲಿಲ್ಲ. “ಯಜಮಾನ್ರ, ಮೊದಲು ಹೇಳಿಬಿಡ್ತೀನಿ. ನಾನು ಕುರುಗೋಡು ಹರಿಜನ ಕೇರಿಯ ಹೊನ್ನೂರಪ್ಪನ ಮಗಳು, ಮಾರೆಮ್ಮ. ತಿಳಕೊಂಡು ಕೈ ಕೊಡ್ರಿ” ಎಂದಳು.

ಟವೆಲಿನ ಕೆಳಗೆ ಗಾದಿಲಿಂಗಪ್ಪನವರ ಬೆರಳು ಮೆಲ್ಲಗೆ ಜಾರಿಕೊಂಡಿದ್ದು ಎರ್ರಣ್ಣನಿಗೆ ಗೊತ್ತಾಯಿತು. ಅವರು ಬಯ್ಯಲಿಲ್ಲ, ಒರಟಾಗಿ ಮಾತಾಡಲಿಲ್ಲ. “ಮನಿಯಾಗ ಹಿರೇರನ್ನ ಒಂದು ಮಾತು ಕೇಳಬೇಕ್ರಿ” ಎಂದು ಒಳಗೆ ಹೋದರು. ಆ ಮನೆಯಲ್ಲಿ ಅವರಿಗಿಂತ ಹಿರಿಯರು ಯಾರೂ ಇಲ್ಲವೆಂಬುದು ಓಣಿಗೆಲ್ಲ ಗೊತ್ತು. ಬಾಗಿಲು ಮುಚ್ಚಿತು.

ಎರ್ರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಬಜಾರಿನ ದಾರಿಯಲ್ಲಿ ಜನರೆನ್ನದೆ, ಅಂಗಡಿಯೆನ್ನದೆ ಗದರಿದ. “ನಿನಗೇನು ಬುದ್ಧಿ ಗಿದ್ಧಿ ಐತೇನ? ಬಾಯಿ ಮುಚ್ಚಿಕೊಂಡಿದ್ರ ಈಗ ಕೀಲಿ ನಿನ್ನ ಕೈಯಾಗ ಇರ್ತಿತ್ತು!”

“ಬಾಯಿ ಮುಚ್ಚಿಕೊಂಡು ಹೊಕ್ಕ ಮನಿಗಳನ್ನ ಎಲ್ಲಾ ಬಿಟ್ಟು ಬಂದೀನ್ರಿ” ಎಂದಳು ಮಾರೆಮ್ಮ. “ನಾಳೆ ನಮ್ಮವ್ವ ಆ ಕಟ್ಟಿ ಮ್ಯಾಲೆ ಕುಂತಾಗ, ಯಾರಾದ್ರೂ ನೀ ಯಾರ ಪೈಕಿ ಅಂತ ಕೇಳಿದ್ರ ಆಕಿ ಸುಳ್ಳು ಹೇಳಬೇಕೇನು? ಮುಪ್ಪಿನ ಕಾಲಕ್ಕ ಆಕಿಗೆ ಅದನ್ನ ಕಲಿಸಾಕ ನನ್ನಿಂದ ಆಗೂದಿಲ್ಲ.”

ಎರ್ರಣ್ಣನ ಸಿಟ್ಟು ಅಲ್ಲಿಗೇ ಇಳಿಯಿತು. ಸಾಯಲಿ, ಇದೆಂಥ ಹೆಣ್ಣು ಎಂದು ಮನಸ್ಸಿನಲ್ಲೇ ಬೆರಗಾದ. ತನ್ನ ದಲ್ಲಾಳಿತನದಲ್ಲಿ ಸುಳ್ಳು ಹೇಳಿ ಮನೆ ಕೊಂಡವರನ್ನು ಕಂಡಿದ್ದ, ಸುಳ್ಳು ಹೇಳಿ ಮಾರಿದವರನ್ನಂತೂ ದಿನಾ ಕಾಣುತ್ತಿದ್ದ. ನಿಜ ಹೇಳಿ ಕೈಗೆ ಬಂದ ಮನೆ ಬಿಟ್ಟವರನ್ನು ಕಂಡಿರಲಿಲ್ಲ.

“ಎರ್ರಣ್ಣ, ಸಿರುಗುಪ್ಪ ರಸ್ತೆಯಾಗ ನಿಮ್ಮದೇ ಒಂದು ಖಾಲಿ ಜಾಗ ಐತಂತಲ್ರಿ, ಅಲ್ಲೇ ಒಂದು ಸೂರು ಕಟ್ಟಿಕೊಳ್ತೀನಿ” ಎಂದಳು ಮಾರೆಮ್ಮ ಇದ್ದಕ್ಕಿದ್ದಂತೆ.

ಎರ್ರಣ್ಣ ಚಹಾದಂಗಡಿಯ ಮುಂದೆಯೇ ನಿಂತುಬಿಟ್ಟ. ಇತ್ತು. ಒಂದಲ್ಲ, ಸಾಲಾಗಿ ಮೂರಿದ್ದವು. ಮನೆಯಿಲ್ಲ ಮನೆಯಿಲ್ಲ ಎಂದು ಊರೆಲ್ಲ ಬಾಯಿ ಬಡಿದುಕೊಳ್ಳುವಾಗ ದರ ಇನ್ನೂ ಏರಲಿ ಎಂದು ಅವನ್ನು ಮುಟ್ಟದೆ ಇಟ್ಟುಕೊಂಡಿದ್ದ. “ಅದು... ಅದನ್ನ ಈಗ ಕೊಡಂಗಿಲ್ಲವ್ವ” ಎಂದ.

“ಯಾಕ್ರಿ?”

“ಯಾಕ ಅಂದ್ರ... ಒಂದು ನಿನಗ ಕೊಟ್ಟರ ಪಕ್ಕದ ಎರಡರ ದರ ಬೀಳತೈತಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಗಾದಿಲಿಂಗಪ್ಪ ಬಾಗಿಲ ಹಿಂದೆ ಅಡಗಿಸಿದ ಮಾತನ್ನೇ ತಾನು ನಡುಬಜಾರಿನಲ್ಲಿ ಆಡಿಬಿಟ್ಟಿದ್ದ.

ಮಾರೆಮ್ಮ ಅಳಲಿಲ್ಲ. ನಕ್ಕಳು! “ಬಂಗಾರದ ದರ ಬಿದ್ದೀತು, ಬಳ್ಳಾರಿಯಾಗ ಜಾಗದ ದರ ಬೀಳೂದಿಲ್ಲ ಅಂತ ಬೆಂಚಿನ ಮ್ಯಾಲೆ ಕುಂತು ದಿನಾ ಹೇಳೋರು ಯಾರ್ರಿ? ಊರು ಬಿದ್ದರೂ ಬೀಳದ ದರ, ನಾನೊಬ್ಬಾಕಿ, ನಮ್ಮವ್ವ ಒಬ್ಬಾಕಿ ಬಂದು ಕುಂತರ ಬೀಳತೈತೇನು? ಹಂಗಾದ್ರ ನೀವು ಹೇಳೂದು ಸುಳ್ಳು, ಇಲ್ಲಾ ನಿಮ್ಮ ಅಂಜಿಕಿ ಸುಳ್ಳು. ಯಾವುದು ಹೇಳ್ರಿ.”

ಚಹಾದಂಗಡಿಯಲ್ಲಿದ್ದವರು ಗಹಗಹಿಸಿ ನಕ್ಕರು. ಪಕ್ಕದ ಅಂಗಡಿಯ ಸೈಕಲ್ ರಿಪೇರಿಯವನು ಪಾನಾ ಕೈಯಲ್ಲಿ ಹಿಡಿದೇ ಎದ್ದು ಬಂದ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳಿದ್ದವನಿಗೆ, ಮಿಲ್ ಮಾಲೀಕರ ಬಾಯಿ ಕಟ್ಟಿಸಿದ್ದವನಿಗೆ ನಾಚಿಕೆಯೂ ಆಯಿತು, ಅದರ ಜೊತೆಗೇ ಯಾಕೋ ಹೆಮ್ಮೆಯೂ ಆಯಿತು. ಇಂಥವಳು ತನ್ನ ಗಿರಾಕಿಯಲ್ಲ ಎಂದು ಹೇಳಲು ಯಾವ ದಲ್ಲಾಳಿಗೆ ಮನಸ್ಸು ಬಂದೀತು?

“ಆತು ತಗೋ” ಎಂದು ಟವೆಲು ತೆಗೆದು ಕೈಮೇಲೆ ಹೊದಿಸಿಕೊಂಡ. “ಬೆರಳು ಕೊಡು.”

“ಅದನ್ನ ತೆಗೀರಿ” ಎಂದಳು ಮಾರೆಮ್ಮ. “ಇಲ್ಲೇ, ಎಲ್ಲಾರ ಮುಂದ ಕೊಡ್ರಿ.”

“ಏ ಯವ್ವಾ, ನನ್ನ ಜಾಗದ ದರ ಇಡೀ ಬಜಾರಿಗೆ ಗೊತ್ತಾಗತೈತಲ್ಲ! ನಾಳೆ ಪಕ್ಕದ ಎರಡಕ್ಕೂ ಇದೇ ದರ ಕೇಳ್ತಾರ, ನಾ ಕೆಟ್ಟೆ!”

“ಕೇಳಲಿ. ಅವರಿಗೂ ಮನಿ ಇಲ್ಲ.”

ಎರ್ರಣ್ಣ ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಮೇಲಿತ್ತು. ಟವೆಲು ತೆಗೆದು ಸೈಕಲ್ ರಿಪೇರಿಯವನ ಕೈಗೆ ಕೊಟ್ಟು ನಾಲ್ಕು ಬೆರಳು ಎತ್ತಿದ, ಬೆರಳಿಗೆ ಸಾವಿರ. ಮಾರೆಮ್ಮ ಮೂರೇ ಎತ್ತಿದಳು. ಅವನು ನಾಲ್ಕನೆಯದನ್ನು ಅರ್ಧ ಮಡಚಿದ. ಆಕೆ ತಲೆ ಅಲ್ಲಾಡಿಸಿ ಮೂರಕ್ಕೇ ನಿಂತಳು. ‘ಬಿಡಬ್ಯಾಡ ನರ್ಸಮ್ಮ’ ಎಂದು ಯಾರೋ ಕೂಗಿದರು.

“ಮನಿ ಹಾಳಾಗಲಿ, ಹಿಡಿ!” ಎಂದ ಎರ್ರಣ್ಣ, ಮತ್ತು ಬಿಸಿಲಿನಲ್ಲಿ ಕೈ ಚಾಚಿದ. ಜೀವಮಾನವೆಲ್ಲ ಜನರ ಕೈ ಮುಟ್ಟಿಯೇ ಅನ್ನ ತಿಂದವನು, ಯಾರ ಕೈ ಹಿಡಿದೆನೆಂದು ಊರಿಗೆ ಕಾಣುವ ಹಾಗೆ ಒಮ್ಮೆಯೂ ಹಿಡಿದಿರಲಿಲ್ಲ. ಮಾರೆಮ್ಮ ಗಟ್ಟಿಯಾಗಿ ಹಿಡಿದಳು. ಆಗ ಮಾತ್ರ ಆಕೆಯ ಕಣ್ಣು ತುಂಬಿ ಬಂತು.

“ಪಕ್ಕದ ಜಾಗ ನನಗ್ರೀ, ಇದೇ ದರಕ್ಕ” ಎಂದು ಸೈಕಲ್ ರಿಪೇರಿಯವನು ಟವೆಲನ್ನು ತನ್ನ ಹೆಗಲಿಗೆ ಹಾಕಿಕೊಂಡು ಬರಿಗೈ ಮುಂದೆ ಚಾಚಿದ.