ನಾಳೆಯ ಪೇಪರು

ಬೀಡಿ ಕಟ್ಟುವವರ ಕೈಗೆ ಬಿಡುವಿರುವುದಿಲ್ಲ, ಕಿವಿ ಮಾತ್ರ ಬಿಡುವಾಗಿರುತ್ತದೆ. ಅದಕ್ಕೇ ನಮ್ಮಲ್ಲಿ ಒಬ್ಬಳು ಪೇಪರು ಓದುವುದು, ಉಳಿದವರು ಕೇಳುತ್ತ ಕಟ್ಟುವುದು. ಓದುವವಳ ಪಾಲಿಗೆ ಎಲ್ಲರೂ ಒಂದೊಂದು ಹಿಡಿ ಬೀಡಿ ಕಟ್ಟಿಕೊಡುತ್ತಾರೆ. ವರ್ಕಾಡಿಯ ನಮ್ಮ ಗುಡ್ಡದ ಬುಡದಲ್ಲಿ, ಕಲ್ಲುಕೋರೆಗೆ ಹೋಗುವ ದಾರಿಯ ಬದಿಗೆ ಹನ್ನೊಂದು ಮನೆಯ ಹೆಂಗಸರು ಚಪ್ಪರ ಹಾಕಿ ಧರಣಿ ಕೂತಾಗಲೂ ಎಲೆ, ಹೊಗೆಸೊಪ್ಪಿನ ಮೊರ ಮಡಿಲಲ್ಲೇ ಇತ್ತು. ಓದುವವಳು ನಾನು, ಕ್ಷಮಾ. ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು.

ಧರಣಿ ನೀರಿಗಾಗಿ. ಗುಡ್ಡದ ಹೊಟ್ಟೆಗೆ ನಮ್ಮ ನೆರೆಯ ಚೆನ್ನಪ್ಪಣ್ಣ ಹರೆಯದಲ್ಲಿ ಕೊರೆದ ಸುರಂಗವೊಂದಿದೆ. ಬಗ್ಗಿ ನಡೆದರೆ ಒಳಗೆ ಕತ್ತಲು, ತಂಪು, ಕೆಂಪು ಮುರಕಲ್ಲಿನಿಂದ ಒಸರುವ ನೀರು. ಎಷ್ಟು ಹೊತ್ತು ಕೂತರೂ ಎದ್ದು ಬರಲು ಮನಸ್ಸಾಗುವುದಿಲ್ಲ. ಹನ್ನೊಂದು ಮನೆಗೂ ಅದೇ ನೀರು. ಗುಡ್ಡದ ಆಚೆ ಮಗ್ಗುಲಲ್ಲಿ ಕೋರೆಯವರು ಮದ್ದಿಟ್ಟು ಬಂಡೆ ಒಡೆಯತೊಡಗಿದ ಮೇಲೆ ಸುರಂಗದ ಗೋಡೆ ಬಿರಿಯಿತು. ಹೆಬ್ಬೆರಳ ಗಾತ್ರ ಬೀಳುತ್ತಿದ್ದ ನೀರು ಕಿರುಬೆರಳಿಗೆ ಇಳಿಯಿತು. ಕೋರ್ಟಿನಿಂದ ತಡೆಯಾಜ್ಞೆ ಸಿಕ್ಕಿ ಕೋರೆ ನಿಂತಿತ್ತು. ಕದ್ದುಮುಚ್ಚಿ ಶುರುಮಾಡದ ಹಾಗೆ ನಾವು ಕಾಯುತ್ತಿದ್ದೆವು.

ನನ್ನ ಗಂಡ ಹೊನ್ನಯ್ಯ ಅದೇ ಕೋರೆಯ ಟಿಪ್ಪರ್ ಓಡಿಸುವವರು.

“ನೀರು ಬೇಕು, ಸರಿ. ಅಕ್ಕಿ ಬೇಡವಾ?” ಎಂದು ಕೋರೆ ನಿಲ್ಲುವ ಮೊದಲೇ ಅವರು ಕೇಳಿದ್ದರು. “ನಿನ್ನ ಬೀಡಿಯಲ್ಲಿ ಸಿಗುವುದು ವಾರಕ್ಕೆ ಮೂರು ದಿನದ ಕೂಲಿ. ನನ್ನ ಲಾರಿಯೂ ನಿಂತರೆ ಎಂತ ಮಾಡುವುದು?”

ಆಮೇಲೆ ನಾವು ಒಂದೇ ಚಾಪೆಯಲ್ಲಿ ಎರಡು ಗೋಡೆ ನೋಡಿ ಮಲಗತೊಡಗಿದೆವು. ಅವರನ್ನು ಕಂಡರೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನಿಸುತ್ತಿತ್ತು.

ಮೂರು ಪಕ್ಷದವರು ಬೇರೆ ಬೇರೆ ಬಣ್ಣದ ಬಾವುಟ ಹಿಡಿದು ಬಂದು ಫೋಟೋ ತೆಗೆಸಿಕೊಂಡು ಹೋದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜನ. ಪೇಪರಿನಲ್ಲಂತೂ ನಮ್ಮ ಬಗ್ಗೆ ಒಂದು ಗೆರೆಯೂ ಬರಲಿಲ್ಲ. ಎಪ್ಪತ್ತನೆಯ ದಿನ ಇಬ್ಬರು ಮೊರ ಎತ್ತಿಕೊಂಡು ಮನೆಗೆ ಹೊರಟೇಬಿಟ್ಟರು.

“ನಮ್ಮ ಸುದ್ದಿ ಉಂಟಾ ಕ್ಷಮಾ?” ಚೆನ್ನಪ್ಪಣ್ಣನ ಹೆಂಡತಿ ಮನೋರಮಕ್ಕ ಕೇಳಿದರು. ದಿನಾ ಕೇಳುತ್ತಿದ್ದರು. ಚಪ್ಪರದಲ್ಲಿ ಎಲ್ಲರಿಗಿಂತ ಹಿರಿಯರು ಅವರೇ.

ಪುಟದಲ್ಲಿ ಇದ್ದದ್ದು ಚಿನ್ನದಂಗಡಿಯ ಜಾಹೀರಾತು. ನನ್ನ ಬಾಯಿ ಮಾತ್ರ ಬೇರೆಯೇ ಓದಿತು: “ಉಂಟು. ‘ವರ್ಕಾಡಿಯ ಮಹಿಳೆಯರ ಧರಣಿಗೆ ಎಪ್ಪತ್ತು ದಿನ. ಗುಡ್ಡ ಉಳಿಸಲು ಪಣ.’”

ಹೊರಟವರು ನಿಂತರು. ಆಮೇಲೆ ಕೂತರು.

ಅಲ್ಲಿಂದ ನನಗೆ ಅದೊಂದು ಗೀಳಾಯಿತು. ಮಧ್ಯಾಹ್ನದ ಸೆಕೆಗೆ ಕಣ್ಣೆಲ್ಲ ಮಂಪರು. ಕತ್ತರಿಗಳು ಎಲೆಯನ್ನು ಕತ್ತರಿಸುವ ಸದ್ದು ಮಾತ್ರ ಎಲ್ಲಿಂದಲೋ ಕೇಳುತ್ತಿತ್ತು. ನಾನು ಓದುತ್ತಿದ್ದೆ. ಕಲೆಕ್ಟರು ಚಪ್ಪಲಿ ಕಳಚಿಟ್ಟು ಸುರಂಗದೊಳಗೆ ಹೋದರು, ಬೊಗಸೆಯಲ್ಲಿ ನೀರು ಕುಡಿದು ಸಂಜೆಯವರೆಗೂ ಹೊರಗೆ ಬರಲಿಲ್ಲ. ಸೀತಾಂಗೋಳಿಯಲ್ಲಿ ಕಲ್ಲು ಒಡೆಯುವ ಯಂತ್ರಗಳು ನಿದ್ದೆ ಹೋದವು, ಎಬ್ಬಿಸಿದರೂ ಏಳಲಿಲ್ಲ. ಮಧುವಾಹಿನಿ ಹೊಳೆ ಕೋರ್ಟಿನ ಮೆಟ್ಟಿಲು ಹತ್ತಿ ಸಾಕ್ಷಿ ಹೇಳಿತು. ಯಾರೂ ನಗಲಿಲ್ಲ. ನನ್ನ ಪಾಲಿನ ಬೀಡಿಯೂ ಒಂದು ಕಡಿಮೆಯಾಗಲಿಲ್ಲ. ನನಗೋ, ಇವರಿಗೆ ಮೋಸ ಮಾಡುತ್ತಿದ್ದೇನೆಂದು ಆ ಬೀಡಿ ಎಣಿಸಿಕೊಳ್ಳಲೂ ನಾಚಿಕೆ.

ನೂರ ಹನ್ನೆರಡನೆಯ ದಿನ ಬೆಳಿಗ್ಗೆ ಪೇಪರು ಬಿಡಿಸಿದರೆ ನಮ್ಮ ಸುದ್ದಿ ನಿಜವಾಗಿಯೂ ಇತ್ತು. ಮೂರೇ ಮೂರು ಗೆರೆ. ವರ್ಕಾಡಿಯ ಕಲ್ಲುಕೋರೆಗೆ ಇದ್ದ ತಡೆಯಾಜ್ಞೆ ತೆರವಾಗಿದೆ, ಇಂದಿನಿಂದ ಕೆಲಸ ಪುನರಾರಂಭ.

ಸುಳ್ಳು ಓದುವಾಗ ಒಮ್ಮೆಯೂ ತೊದಲದ ನಾಲಿಗೆ ಇದನ್ನು ಓದುವಾಗ ತೊದಲಿತು. ಆದರೂ ಮೂರು ಗೆರೆಯನ್ನೂ ಓದಿದೆ. ಆಮೇಲೆ ತಲೆ ತಗ್ಗಿಸಿ, “ಈವರೆಗೆ ನಮ್ಮ ಬಗ್ಗೆ ಓದಿದ್ದೆಲ್ಲ ನಾನೇ ಕಟ್ಟಿದ್ದು,” ಎಂದೆ.

“ಗೊತ್ತುಂಟು ಮಾರಾಯ್ತಿ,” ಎಂದರು ಮನೋರಮಕ್ಕ, ಬೀಡಿಗೆ ನೂಲು ಸುತ್ತುತ್ತ. “ಸಂಜೆ ಆ ಪೇಪರು ಮನೆಗೆ ಕೊಂಡುಹೋಗುವುದು ನಾನಲ್ಲವಾ? ನನಗೆ ಓದಲಿಕ್ಕೆ ಬರುವುದಿಲ್ಲವಾ? ಇವರಿಗೆಲ್ಲ ಮೊದಲ ದಿನವೇ ಹೇಳಿದ್ದೇನೆ. ಈಗ ಊರಿಗೇ ಗೊತ್ತುಂಟು.”

“ಮತ್ತೆ ಯಾಕೆ ಕೇಳುತ್ತಾ ಕೂತದ್ದು?”

“ಈ ಪೇಪರಿನಲ್ಲಿ ಇರುವುದೆಲ್ಲ ನಿನ್ನೆಯದ್ದು. ನೀನು ನಾಳೆಯದ್ದು ಓದುತ್ತಿದ್ದೆ.” ಅವರು ಮೊರ ಎತ್ತಿಕೊಂಡು ಎದ್ದರು. “ಓದು ಈಗ. ನಾಳೆ ಎಂತ ಬರುತ್ತದೆ?”

ಅಷ್ಟರಲ್ಲಿ ತಿರುವಿನ ಆಚೆಯಿಂದ ಟಿಪ್ಪರಿನ ಸದ್ದು ಕೇಳಿತು. ಆ ಇಂಜಿನ್ನಿನ ಸದ್ದು ನನಗೆ ಗೊತ್ತು. ಪೇಪರನ್ನು ಮುಖದ ಮುಂದೆ ಹಿಡಿದು ಓದಿದೆ: “‘ಮಹಿಳೆಯರು ಮೊರ ಸಮೇತ ದಾರಿಯ ನಡುವೆ ಹೋಗಿ ಕೂತರು.’”

ಅವರೆಲ್ಲ ಹೋಗಿ ಕೂತರು. ನಾನೂ ಹೋಗಿ ಎಲ್ಲರ ಎದುರು ನಿಂತೆ. ಕೆಂಪು ಧೂಳೆಲ್ಲ ಮಂಜಿನ ಹಾಗೆ ಎದ್ದು ಬಂತು. ಅದರ ನಡುವಿನಿಂದ ಲಾರಿ ನಿಧಾನವಾಗಿ ಕಾಣಿಸಿಕೊಂಡಿತು.

“‘ಒಬ್ಬರೂ ಏಳಲಿಲ್ಲ. ಕಟ್ಟುವುದನ್ನೂ ನಿಲ್ಲಿಸಲಿಲ್ಲ.’”

ಕತ್ತರಿಗಳ ಸದ್ದು ಮತ್ತೆ ಶುರುವಾಯಿತು.

“‘ಚಾಲಕರು ಲಾರಿ ನಿಲ್ಲಿಸಿದರು.’”

ಹತ್ತು ಹೆಜ್ಜೆ ದೂರದಲ್ಲಿ ಲಾರಿ ನಿಂತಿತು. ಇಂಜಿನ್ ಗುರುಗುಡುತ್ತಲೇ ಇತ್ತು. ಒಳಗಿನಿಂದ ಹೊನ್ನಯ್ಯ ನನ್ನನ್ನೇ ನೋಡುತ್ತಿದ್ದರು. ಈ ಕೆಲಸ ಹೋದರೆ ಬೇರೆ ಕೆಲಸವಿಲ್ಲದ ಮನುಷ್ಯ. ಹಿಂದಿನ ರಾತ್ರಿಯೂ ಗೋಡೆ ನೋಡಿ ಮಲಗಿದ್ದವರು. ನನಗೆ ಮುಂದಿನ ಸಾಲು ಹೊಳೆಯಲಿಲ್ಲ. ಇಷ್ಟು ದಿನ ಹೊಳೆ, ಯಂತ್ರ, ಕಲೆಕ್ಟರು ಎಲ್ಲರಿಂದಲೂ ಬೇಕಾದ್ದು ಮಾಡಿಸಿದವಳಿಗೆ ಸ್ವಂತ ಗಂಡನಿಂದ ಒಂದು ಕೆಲಸ ಮಾಡಿಸುವ ಧೈರ್ಯವಿರಲಿಲ್ಲ. ಪೇಪರು ಕೆಳಗಿಳಿಸಿದೆ.

ಇಂಜಿನ್ ನಿಂತಿತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

“ಮುಂದೆ ಎಂತ ಬರೆದದ್ದುಂಟು ಕ್ಷಮಾ? ಓದು.”

“‘ಚಾಲಕರ ಹೆಂಡತಿ ಅಳುತ್ತಿದ್ದರು,’” ಎಂದು ಓದಿದೆ. ಅದಕ್ಕೆ ಪೇಪರು ಬೇಕಾಗಲಿಲ್ಲ.