ಪಂಕ್ತಿ ತಪ್ಪಿದ ಮೀನು

ಹರಿಗೋಲು ಮೂರನೆಯ ಸುತ್ತು ತಿರುಗಿದಾಗ ಏಕಾಂತಪ್ಪನಿಗೆ ಹರಿಹರದ ಸೇತುವೆಯೇ ಎಡದಿಂದ ಬಲಕ್ಕೆ ಓಡಿಹೋದಂತೆ ಕಂಡಿತು. ಎರಡೂ ಕೈಯಲ್ಲಿ ಹಿಡಿದಿದ್ದ ಬಿದಿರ ಕೋಲು ತುದಿ ನೀರು ಮುಟ್ಟುವಷ್ಟು ಬಾಗಿತ್ತು. ಕೋಲಿನ ಬುಡಕ್ಕೆ ಬಿಗಿದಿದ್ದ ಹಳೆಯ ಮಿಲ್ಲಿನ ಬಾಬಿನ್ನು ಗರಗರ ಸುತ್ತುತ್ತಿತ್ತು. ಎಂಟೆಳೆ ನೂಲು ಸೇರಿಸಿ ಅವನೇ ತೊಡೆಯ ಮೇಲೆ ಹೊಸೆದ ಹುರಿ ತುಂಗಭದ್ರೆಯ ಹೊಟ್ಟೆಯೊಳಗೆ ಎಲ್ಲೋ ಇಳಿದು, ತಂಬೂರಿಯ ತಂತಿಯ ಹಾಗೆ ಗುಂಯ್ ಎನ್ನುತ್ತಿತ್ತು.

"ಎಳೀಬ್ಯಾಡ್ರಿ! ಹುರಿ ಬಿಡ್ರಿ, ಬಿಡ್ರಿ!" ಎಂದು ಹಯಾತ್ ಸಾಬ್ ಹುಟ್ಟು ಹಾಕುತ್ತಲೇ ಕೂಗಿದ. "ಅದೇನು ನಿಮ್ಮ ಮಿಲ್ಲಿನ ಕೂಲಿ ಏನ್ರಿ, ಸೀಟಿ ಹೊಡೆದ ಕೂಡ್ಲೆ ಓಡಿ ಬರಾಕೆ?"

"ಅದೂ ಒಂದು ನೋಡೇ ಬಿಡಾಣ ಸಾಬ್ರೇ," ಎಂದ ಏಕಾಂತಪ್ಪ ಹಲ್ಲು ಕಚ್ಚಿಕೊಂಡೇ ಬೆಳಗಿನ ಪಾಳಿಯ ಕೂಗನ್ನು ಮೂಗಿನಿಂದ ಎಳೆದ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬೆಚ್ಚಿ ತಲೆ ಎತ್ತಿದರು.

ಮರಳಿನ ಮೇಲೆ ಕೊಡೆ ಹಿಡಿದು ಕೂತಿದ್ದ ಅವನ ಹೆಂಡತಿ ದ್ರಾಕ್ಷಾಯಣಮ್ಮ ಮಾತ್ರ ಬೆಚ್ಚಲಿಲ್ಲ. ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಟೈಂಕೀಪರ್ ಆಗಿದ್ದ ಗಂಡನ ಬಾಯಲ್ಲಿ ಹದಿನೆಂಟು ವರ್ಷದಿಂದ ಅವಳು ಮಿಲ್ಲಿನ ಕೂಗು, ಮ್ಯಾನೇಜರರ ಕೆಮ್ಮು, ಹುಬ್ಬಳ್ಳಿ ಪ್ಯಾಸೆಂಜರು, ತನ್ನ ಅಣ್ಣನ ನ್ಯಾಯ ಪಂಚಾಯ್ತಿ ಎಲ್ಲವನ್ನೂ ಕೇಳಿದ್ದಳು. ಹೊಳೆಗೆ ಮಾತ್ರ ಒಂದು ದಿನವೂ ಬಂದಿರಲಿಲ್ಲ. ಈ ಭಾನುವಾರ ಬೆಳಿಗ್ಗೆ ರೊಟ್ಟಿ ಬಡಿದು ಗಂಟು ಕಟ್ಟಿ, "ನಾನೂ ಬರ್ತೀನಿ" ಎಂದಿದ್ದಳು. ಏಕಾಂತಪ್ಪ ಯಾಕೆಂದು ಕೇಳಲಿಲ್ಲ. ತನ್ನ ಕಣ್ಣಿಂದಲೇ ನೋಡಲು ಬರುತ್ತಿದ್ದಾಳೆಂಬುದು ಅವನಿಗೆ ಗೊತ್ತಿತ್ತು.

ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ಜೋಳದ ಹಿಟ್ಟಿಗೆ ಇಂಗು ಬೆರೆಸಿ ಉಂಡೆ ಕಟ್ಟಿ ಗಾಳಕ್ಕೆ ಚುಚ್ಚುವುದು, ಮೀನು ಕಚ್ಚಿದರೆ ಆಡಿಸುವುದು, ದಣಿದ ಮೇಲೆ ದಂಡೆಗೆ ತಂದು ಕಣ್ತುಂಬ ನೋಡಿ ನೀರಿಗೆ ಬಿಡುವುದು. ಹನ್ನೆರಡು ವರ್ಷದಿಂದ ಅವನ ಚಟ ಇಷ್ಟೇ. ಕೊರಳಲ್ಲಿ ಬೆಳ್ಳಿಯ ಕರಡಿಗೆಯೊಳಗೆ ಲಿಂಗ ಕಟ್ಟಿಕೊಂಡವನು. ಮೀನಿನ ರುಚಿ ಹೋಗಲಿ, ಬೇಯುವ ವಾಸನೆ ಬಂದರೂ ಮೂಗು ಮುಚ್ಚುವವನು. ಹಯಾತ್ ಸಾಬ್ ಮೊದಮೊದಲು ಹಣೆ ಚಚ್ಚಿಕೊಂಡಿದ್ದ. "ಊಟಕ್ಕೆ ಅಂತ ಕರೆದು, ಎಲೆ ಮುಂದೆ ಕೂಡ್ರಿಸಿ, ಎಬ್ಬಿಸಿ ಕಳ್ಸಿದಂಗೆ ಆತಲ್ರಿ!" ಎಂದಿದ್ದ. ಬರಬರುತ್ತ ಅವನಿಗೂ ಅಭ್ಯಾಸವಾಗಿ ಹೋಗಿತ್ತು.

ದಾವಣಗೆರೆಗೆ ಅಭ್ಯಾಸವಾಗಲಿಲ್ಲ. ತಿನ್ನದವನು ಹಿಡಿಯುವುದು ಯಾಕೆ ಎಂಬ ಪ್ರಶ್ನೆಗೆ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಐದು ವಾರದ ಹಿಂದೆ ದ್ರಾಕ್ಷಾಯಣಮ್ಮನ ಅಣ್ಣ ರೇವಣ್ಣನ ಮನೆಯಲ್ಲಿ, ಮಗನ ಮದುವೆ ನಿಶ್ಚಯದ ಊಟಕ್ಕೆ ಕೂತಾಗ ಯಾರೋ ಆ ಪ್ರಶ್ನೆಯನ್ನು ಪಂಕ್ತಿಯ ನಡುವೆ ಎತ್ತಿದರು. ಏಕಾಂತಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ಹಿಡೀತೀನಿ, ನೋಡ್ತೀನಿ, ಬಿಡ್ತೀನಿ." ಇಡೀ ಪಂಕ್ತಿ ಗೊಳ್ಳೆಂದು ನಕ್ಕಿತು. ಇಷ್ಟು ವರ್ಷ ಅವರನ್ನು ನಗಿಸಿದ್ದೇ ಮುಳುವಾಗಿತ್ತು. ನಿಜವನ್ನೂ ಅವರು ಅವನ ಇನ್ನೊಂದು ಅಣಕ ಎಂದುಕೊಂಡರು.

ನಗದೆ ಇದ್ದವನು ರೇವಣ್ಣ ಒಬ್ಬನೇ. ಅರಳೆ ಮಂಡಿಯ ದೊಡ್ಡ ಕುಳ, ಜನರ ನಡುವೆ ಹಿರಿಯ. ಗಂಟಲು ಸರಿಮಾಡಿಕೊಂಡು, "ಹೊಳೆಮೀನು ಮುಟ್ಟಿದ ಕೈಗೆ ನಮ್ಮ ಪಂಕ್ತ್ಯಾಗೆ ಎಲೆ ಇಲ್ಲ. ಏನು, ಸರಿನಾ?" ಎಂದ. ಏನು ಸರಿನಾ ಎಂದು ಅವನು ಕೇಳಿದರೆ ಯಾರೂ ಅಲ್ಲವೆನ್ನುವ ರೂಢಿ ಇರಲಿಲ್ಲ. ಏಕಾಂತಪ್ಪನ ಎಲೆಯನ್ನು ಎತ್ತಿ ಹಿತ್ತಲಲ್ಲಿ ದನಗಳಿಗೆ ನೀರಿಡುವ ಬಾನಿಯ ಪಕ್ಕ ಹಾಕಿದರು. ಹೆಂಗಸರ ಸಾಲಿನಿಂದ ದ್ರಾಕ್ಷಾಯಣಮ್ಮ ಕೈತೊಳೆಯದೆಯೇ ಎದ್ದು ಬಂದಳು.

ಅಂದಿನಿಂದ ಅವಳಿಗೆ ತವರಿಲ್ಲ. ಮೀನು ತಿಂದಿಲ್ಲವೆಂದು ಲಿಂಗ ಮುಟ್ಟಿ ಆಣೆ ಮಾಡಿ, ಕೋಲು ತಂದು ತನ್ನ ಕೈಗೆ ಒಪ್ಪಿಸಿದರೆ ಮಾತ್ರ ಇಬ್ಬರಿಗೂ ಮದುವೆಯ ಕರೆ ಎಂದು ರೇವಣ್ಣ ಹೇಳಿ ಕಳಿಸಿದ್ದ. ಮದುವೆ ಇನ್ನೆಂಟು ದಿನಕ್ಕೆ, ಸೋಮವಾರ. ಮದುಮಗ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ. "ತಿಂದಿಲ್ಲ ಅಂತ ಆಣೆ ಮಾಡಿದ್ರೆ, ತಿಂದಿರಬಹುದು ಅಂತ ನಾನೇ ಒಪ್ಪಿದಂಗೆ ಆಗ್ತೈತೆ," ಎಂದು ಏಕಾಂತಪ್ಪ ಜಗ್ಗಲಿಲ್ಲ. ಅವಳು ಒಂದೇ ಒಂದು ಸಲ ಕೇಳಿದ್ದಳು: "ನನ್ನಾಣೆಗೂ ತಿಂದಿಲ್ಲ ತಾನೆ?" ಅದು ಅವನಿಗೆ ಬಾನಿ ಪಕ್ಕದ ಎಲೆಗಿಂತ ಹೆಚ್ಚು ಚುಚ್ಚಿತ್ತು.

ಹುರಿ ಒಮ್ಮೆಲೇ ಸಡಿಲವಾಯಿತು.

"ಹೋತಾ?" ಎಂದ ಹಯಾತ್ ಸಾಬ್.

"ಹೋಗಿಲ್ಲ. ನಮ್ಮ ಕಡೆಗೇ ಬರ್ತೈತೆ."

ಹತ್ತು ಮಾರು ದೂರದಲ್ಲಿ ನೀರು ಉಬ್ಬಿತು. ಬೆಳ್ಳಿಯೂ ಅಲ್ಲದ ಬಂಗಾರವೂ ಅಲ್ಲದ ಒಂದು ಬೆನ್ನು ಮೇಲೆ ಬಂದು, ಹೊರಳಿ, ಮುಳುಗಿತು. ಹಯಾತ್ ಸಾಬ್ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟ. "ಬಿಳೀಮೀನು. ಯಾ ಅಲ್ಲಾ, ಇಂಥಾದ್ದನ್ನ ನಮ್ಮಪ್ಪ ಹೇಳ್ತಿದ್ದ, ನಾನು ಸುಳ್ಳು ಅಂದ್ಕೊಂಡಿದ್ದೆ." ಆಮೇಲೆ ನಕ್ಕ. "ಎರಡು ವರ್ಷದ ಹಿಂದೆ ಸಿಕ್ಕಿದ್ರೆ ತಕರಾರು ಆಗ್ತಿತ್ತು ನೋಡ್ರಿ. ಆ ದಂಡೆ ಮುಂಬೈ ಸರ್ಕಾರದ್ದು, ಈ ದಂಡೆ ಮೈಸೂರಿಂದು. ಬಾಲ ಯಾರಿಗೆ, ತಲೆ ಯಾರಿಗೆ?"

"ಮೀನಿಗೆ ಯಾವ ಸರ್ಕಾರಾನೂ ಇಲ್ಲ ಸಾಬ್ರೇ. ಅದಕ್ಕೆ ಇಷ್ಟು ಚೆನ್ನಾಗಿ ಬೆಳೆದೈತೆ."

ಇನ್ನೂ ಮುಕ್ಕಾಲು ಗಂಟೆ ಅದು ಅವರನ್ನು ಆಡಿಸಿತು. ಏಕಾಂತಪ್ಪನ ಅಂಗೈ ಸೀಳಿತು, ಬೆವರು ಕಣ್ಣಿಗಿಳಿಯಿತು. ಕೊನೆಗೆ ಹರಿಗೋಲು ಮರಳಿಗೆ ತಾಗಿದಾಗ ಮೊಣಕಾಲುದ್ದದ ನೀರಿಗೆ ಧುಮುಕಿ ನೋಡುತ್ತಾನೆ: ಕೊಡೆಯನ್ನು ದಂಡೆಯಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೆಂಡತಿ ಎದುರಿಗೇ ನಿಂತಿದ್ದಾಳೆ.

"ಕೋಲು ಹಿಡ್ಕ," ಎಂದು ಅವಳ ಕೈಗೆ ಕೊಟ್ಟ.

ಅವಳು ಹಿಡಿದಳು. ಮೀನು ಒಮ್ಮೆ ಜಗ್ಗಿತು. ಅವಳ ಬಾಯಿಂದ ಹೊರಟ ಉದ್ಗಾರವನ್ನು ಏಕಾಂತಪ್ಪ ಹದಿನೆಂಟು ವರ್ಷದಲ್ಲಿ ಕೇಳಿರಲಿಲ್ಲ. ಅಣಕಿಸಲೂ ಅವನಿಂದ ಆಗುವಂತಿರಲಿಲ್ಲ.

ನಾಲ್ಕು ವರ್ಷದ ಮಗುವಿನಷ್ಟು ಉದ್ದದ ಮೀನು. ಒಂದೊಂದು ಹುರುಪೆಯೂ ಅಂಗೈಯಗಲ. ಗಾಳ ತುಟಿಯ ಅಂಚಿಗಷ್ಟೇ ಸಿಕ್ಕಿತ್ತು. ಏಕಾಂತಪ್ಪ ಅದನ್ನು ಬಿಡಿಸಿ ಮೀನನ್ನು ನೀರಿಗಿಳಿಸಿದ. ಒಂದು ಕೈ ಹೊಟ್ಟೆಯ ಕೆಳಗೆ, ಇನ್ನೊಂದು ಬಾಲದ ಬುಡದಲ್ಲಿಟ್ಟು, ಅದರ ಮೂತಿಯನ್ನು ಹರಿವಿಗೆ ಎದುರಾಗಿ ತಿರುಗಿಸಿ ನಿಂತ.

"ಇದನ್ನೂ ಬಿಡ್ತೀರಾ?" ಎಂದಳು ದ್ರಾಕ್ಷಾಯಣಮ್ಮ.

"ಬಿಡೋದೇ. ಈಗ್ಲೇ ಬಿಟ್ರೆ ಮಗುಚಿಕೊಂಡು ಸಾಯ್ತೈತೆ. ದಣಿದೈತೆ. ಉಸಿರು ಬರೋತನಕ ಹಿಂಗೆ ಹಿಡ್ಕೊಂಡಿರ್ಬೇಕು. ಬಾ, ಮುಟ್ಟು."

ಅವಳು ಬಾಗಿ ಅದರ ಪಕ್ಕೆಯ ಮೇಲೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಏನೋ ಕೇಳುತ್ತಾಳೆಂದು ಏಕಾಂತಪ್ಪ ಕಾದ. ಅವಳು ಅವನ ಸೀಳಿದ ಅಂಗೈಯನ್ನು ಮಾತ್ರ ನೋಡಿದಳು.

ಆಗ ದಂಡೆಯ ಮೇಲೆ ಮೋಟಾರಿನ ಹಾರನ್ನು ಕೇಳಿಸಿತು. ಮೊದಲು ಇಳಿದದ್ದು ರೇಶಿಮೆ ಜುಬ್ಬ, ಆಮೇಲೆ ರೇವಣ್ಣ. ಸೇತುವೆಯ ಮೇಲೆ ಹೋಗುವಾಗ ಡ್ರೈವರ್ ಹಿದಾಯತ್ ಮೀನನ್ನು ತೋರಿಸಿದನಂತೆ. ಹಣೆಯ ತುಂಬ ವಿಭೂತಿ, ಮೂಗಿಗೆ ಅಡ್ಡ ಹಿಡಿದ ಶಲ್ಯ. ಮರಳಿನಲ್ಲಿ ಎಡವುತ್ತ ನೀರಿನಂಚಿಗೆ ಬಂದು, ತಂಗಿಯನ್ನೂ ನೋಡದೆ, "ಏಕಾಂತಪ್ಪ, ಬಿಡಬ್ಯಾಡಪ ಅದನ್ನ! ಹಿಡ್ಕೊಂಡಿರು!" ಎಂದ. ಐದು ವಾರದ ಮೇಲೆ ಅವನು ಆಡಿದ ಮೊದಲ ಮಾತು.

"ಏನಾತು ಭಾವ?"

"ಐಬಿ ಬಂಗ್ಲೆಯಾಗೆ ಬೆಂಗಳೂರಿಂದ ಬಂದ, ನಮ್ಮ ಅರಳೆ ಪರ್ಮಿಟ್ ಕೊಡೋ ಸಾಹೇಬ್ರು ಇಳಿದಾರೆ. ಊಟಕ್ಕೆ ಹೊಳೆಮೀನೇ ಬೇಕಂತೆ. ಬಜಾರದಾಗೆ ಬೆರಳುದ್ದದವು ಬಿಟ್ರೆ ಒಂದೂ ಇಲ್ಲ. ದೇವರು ಕಳಿಸಿದಂಗೆ ಬಂದೈತೆ ಇದು. ಹಿದಾಯತ್, ಗೋಣಿಚೀಲ ತಾರೋ!" ದನಿ ತಗ್ಗಿಸಿದ. "ಸೋಮವಾರ ಪಂಕ್ತ್ಯಾಗೆ ನನ್ನ ಬಲಗಡೀಕೆ ನಿನ್ನ ಎಲೆ. ದ್ರಾಕ್ಷಾಯಣಿ ಇವತ್ತೇ ಮನೀಗೆ ಬರ್ಲಿ. ಸ್ವಾದರತ್ತೆ ಇಲ್ದೆ ಹುಡುಗಗೆ ಅರಿಶಿಣ ಹಚ್ಚೋರು ಯಾರು? ಏನು, ಸರಿನಾ?"

"ಆಣೆ?"

"ಮನೆಮಂದಿ ನಡುವೆ ಆಣೆ ಗೀಣೆ ಯಾಕಪ?"

ಏಕಾಂತಪ್ಪ ಗಂಟಲು ಸರಿಮಾಡಿಕೊಂಡ. ಹೊಟ್ಟೆ ಮುಂದೆ ಮಾಡಿದ. "ಹೊಳೆಮೀನು ಮುಟ್ಟಿದ ಕೈಗೆ ನಮ್ಮ ಪಂಕ್ತ್ಯಾಗೆ ಎಲೆ ಇಲ್ಲ. ಏನು, ಸರಿನಾ?"

ರೇವಣ್ಣನ ಬಾಯಿ ಮುಚ್ಚಿದ್ದರೂ ದನಿ ಮಾತ್ರ ರೇವಣ್ಣನದೇ. ಹಿದಾಯತ್ ಗೋಣಿಚೀಲವನ್ನು ಮುಖಕ್ಕೆ ಒತ್ತಿಕೊಂಡು ಆ ಕಡೆ ತಿರುಗಿದ. ಚೀಲ ಕುಲುಕುಲು ಅಲುಗುತ್ತಿತ್ತು.

"ತಮಾಷೆ ಸಾಕು!" ಎಂದು ರೇವಣ್ಣ ಗದರಿದ. "ದ್ರಾಕ್ಷಾಯಣಿ, ಹೇಳು ನಿನ್ನ ಗಂಡಗೆ."

ದ್ರಾಕ್ಷಾಯಣಮ್ಮ ತನ್ನ ಬಲಗೈ ಎತ್ತಿ ಅಂಗೈ ತೋರಿಸಿದಳು. ಅಂಗೈಯಗಲದ ಹುರುಪೆಯೊಂದು ಅಂಟಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು. "ನಾನೂ ಮುಟ್ಟೀನಿ ಅಣ್ಣ."

"ತೊಳಕೊಂಡ್ರೆ ಹೋತು ಬಿಡು. ನಾವೇನು ತಿಂತೀವಾ? ತಿನ್ನೋರು ಸಾಹೇಬ್ರು."

"ಇವರೂ ತಿಂದಿರಲಿಲ್ಲ."

ರೇವಣ್ಣ ಶಲ್ಯವನ್ನು ಮೂಗಿನಿಂದ ತೆಗೆದ, ಮತ್ತೆ ಹಿಡಿದ.

ಏಕಾಂತಪ್ಪನ ಕೈಯಲ್ಲಿ ಮೀನಿನ ಕಿವಿರು ತೆರೆದು ಮುಚ್ಚುತ್ತಿತ್ತು, ಮೊದಲಿಗಿಂತ ಬಲವಾಗಿ. ಗೋಣಿಚೀಲ ಮೂರು ಹೆಜ್ಜೆ ಆಚೆಗಿತ್ತು. ಬೆರಳು ಕಿವಿರಿಗೆ ಸಿಕ್ಕಿಸಿ ಒಂದು ಸಲ ಎತ್ತಿ ಹಾಕಿದರೆ ಇವತ್ತೇ ಹೆಂಡತಿ ತವರಿನ ಹೊಸ್ತಿಲು ದಾಟುತ್ತಾಳೆ. ತಾನು ಹೊತ್ತು ಬೆಳೆಸಿದ ಹುಡುಗನ ಕೆನ್ನೆಗೆ ಅರಿಶಿಣ ಹಚ್ಚುತ್ತಾಳೆ. ತನ್ನ ಎಲೆಯೊಂದೇ ಆಗಿದ್ದರೆ ಅವನಿಗೆ ಯೋಚನೆಯೇ ಇರಲಿಲ್ಲ. ಅವನು ಅವಳ ಮುಖ ನೋಡಿದ.

"ನನ್ನ ಮುಖ ಯಾಕೆ ನೋಡ್ತೀರಿ?" ಎಂದಳು. "ಬಿಡ್ರಿ. ಹಿಂಗೇ ಮಾತಾಡ್ತಾ ನಿಂತ್ರೆ ಸಾಯ್ತೈತೆ ಅದು."

"ತಮಾಷೆ ಮುಗೀತು ಭಾವ," ಎಂದ ಏಕಾಂತಪ್ಪ. ಈ ಸಲದ್ದು ಅವನದೇ ದನಿ. ಕೈ ತೆರೆದ.

ಮೀನು ಹೋಗಲಿಲ್ಲ. ಬಿಟ್ಟರೆಂಬುದು ನಂಬಿಕೆಗೆ ಬಾರದಂತೆ ಅವನ ಎರಡು ಕಾಲುಗಳ ನಡುವೆ ಒಂದು ಕ್ಷಣ ನಿಂತಿತ್ತು. ರೇವಣ್ಣ, "ಹಿಡಿಯೋ ಹಿದಾಯತ್!" ಎಂದು ಕೂಗಿ ತಾನೇ ಒಂದು ಹೆಜ್ಜೆ ನೀರಿಗಿಟ್ಟ. ಅಷ್ಟೇ ಸಾಕಾಯಿತು. ಬಾಲದ ಒಂದು ಬೀಸಿಗೆ ನೀರು ಅವನ ರೇಶಿಮೆ ಜುಬ್ಬದಿಂದ ಹಣೆಯ ವಿಭೂತಿಯವರೆಗೂ ಎರಚಿತು. ತಿಳಿನೀರಿನಲ್ಲಿ ಬಂಗಾರದ ಗೀರೊಂದು ನಡುಹೊಳೆಯ ಕಡೆ ಎಳೆದಂತಾಗಿ, ಆಳದಲ್ಲಿ ಮಾಯವಾಯಿತು.

"ಮದುವಿ ಮನೆ ಬಾಗಿಲು ತುಳೀಬ್ಯಾಡ್ರಿ ಇಬ್ರೂ!" ರೇವಣ್ಣ ಧೋತರ ಹಿಂಡುತ್ತ ಮೋಟಾರಿನ ಕಡೆ ನಡೆದ. ಈ ಸಲ ಸರಿನಾ ಎಂದು ಕೇಳಲಿಲ್ಲ. ಹಿದಾಯತ್ ಖಾಲಿ ಚೀಲ ಮಡಚುತ್ತ, ಹಯಾತ್ ಸಾಬನಿಗೆ ಕಣ್ಣಲ್ಲೇ ಸಲಾಂ ಮಾಡಿ ಹಿಂದೆಯೇ ಓಡಿದ.

ಮೋಟಾರಿನ ಧೂಳು ಸೇತುವೆ ದಾಟುವವರೆಗೂ ದ್ರಾಕ್ಷಾಯಣಮ್ಮ ನೀರಿನಲ್ಲೇ ನಿಂತಿದ್ದಳು. "ಅರಿಶಿಣಕ್ಕೆ ಅಂತ ಇಳಕಲ್ ಸೀರೆ ತೆಗೆದಿಟ್ಟಿದ್ದೆ," ಎಂದಳು, ಯಾರಿಗೂ ಅಲ್ಲದ ಹಾಗೆ. ಏಕಾಂತಪ್ಪ ಕೋಲು ಎತ್ತಿಕೊಂಡು ಹುರಿಯನ್ನು ಬಾಬಿನ್ನಿಗೆ ಸುತ್ತತೊಡಗಿದ.

ಅವಳು ಮರಳಿಗೆ ಬಂದು ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಪುಡಿ. ಹಯಾತ್ ಸಾಬ್ ಎಂದಿನಂತೆ ತನ್ನ ಬುತ್ತಿ ಎತ್ತಿಕೊಂಡು ದೂರದ ಬಂಡೆಯ ಕಡೆ ಹೊರಟಿದ್ದ.

"ಎಲ್ಲಿ ಹೊಂಟ್ರಿ ಸಾಬಣ್ಣ?"

"ನೀವು ಉಣ್ರಿ ಅಮ್ಮಾರೆ. ನಾನು ಅಲ್ಲಿ..."

"ಎಲೆ ಹಾಕೀನಿ. ಬರ್ರಿ, ಕೂಡ್ರಿ."

ಹಯಾತ್ ಸಾಬ್ ಏಕಾಂತಪ್ಪನನ್ನು ನೋಡಿದ. ಏಕಾಂತಪ್ಪ ಪಕ್ಕದ ಮರಳನ್ನು ಅಂಗೈಯಿಂದ ಸಮ ಮಾಡಿದ. ಹೊಳೆಯ ಕಡೆಯಿಂದ ಗಾಳಿ ಬಂತು. ಒಂದೇ ಸಾಲಿನಲ್ಲಿ ಹಾಸಿದ ಮೂರು ಮುತ್ತುಗದ ಎಲೆಗಳ ಅಂಚು ಎದ್ದು ಪಟಪಟ ಬಡಿದುಕೊಂಡವು. ದ್ರಾಕ್ಷಾಯಣಮ್ಮ ನೀರಿನಂಚಿನಿಂದ ಮೂರು ಬೆಣಚುಕಲ್ಲು ಆರಿಸಿ ತಂದು, ಒದ್ದೆ ಕೈಯಿಂದಲೇ, ಎಲೆಗೊಂದರಂತೆ ಇಟ್ಟಳು.